ಸಿಗ್ನಲ್ ಚೆನ್ನಾಗಿದೆ, ವೇಗ ಬಿದ್ದಿದೆ: 5ಜಿ ಸೆಲ್‌ನಲ್ಲಿ ಹಂಚಿಕೆಯ ದೋಷ ಹುಡುಕುವ ಬಗೆ

"ಸಿಗ್ನಲ್ ಫುಲ್ ಇದೆ, ಆದರೂ ವಿಡಿಯೋ ತಡವರಿಸುತ್ತಿದೆ." ಅಥವಾ "ಯಂತ್ರಕ್ಕೆ ಹೋಗುವ ಕಮಾಂಡ್ ದಿನಕ್ಕೆ ಎರಡು ಮೂರು ಸಲ ತಡವಾಗುತ್ತಿದೆ, ಉಳಿದ ಹೊತ್ತು ಎಲ್ಲ ಸರಿ." ಒಂದೇ ಸೆಲ್‌ನಲ್ಲಿ, ಅಂದರೆ ಒಂದು ಬೇಸ್ ಸ್ಟೇಷನ್ ಆವರಿಸುವ ಪ್ರದೇಶದಲ್ಲಿ, ಹಲವು ಸೇವೆಗಳನ್ನು ಓಡಿಸುವವರಿಗೆ ಈ ದೂರುಗಳು ಹೊಸದಲ್ಲ. ರೇಡಿಯೋ ಅಳತೆ ಚೆನ್ನಾಗಿರುತ್ತದೆ. ಸೆಲ್ ತುಂಬಿಯೂ ಇರುವುದಿಲ್ಲ. ಆಗ ಕೈ ತಾನಾಗಿಯೇ ಹೋಗುವುದು ಒಂದೇ ಕಡೆಗೆ: ದೂರು ಕೊಟ್ಟ ಸೇವೆಯ ಪಾಲನ್ನು ಜಾಸ್ತಿ ಮಾಡುವುದು.

ಬಹಳ ಸಲ ಅದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ನರಳುವ ಸೇವೆ ಒಂದು, ದೋಷ ಇರುವುದು ಇನ್ನೊಂದರ ಸೆಟ್ಟಿಂಗ್‌ನಲ್ಲಿ, ಇಲ್ಲವೇ ಎರಡು ಸೇವೆಗಳು ಎದುರಾಗುವ ಜಾಗದಲ್ಲಿ. ಹಾಗಾಗಿ ಪಾಲು ಮುಟ್ಟುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಈ ಸೇವೆಯ ಪ್ಯಾಕೆಟ್ ನಿಜವಾಗಿ ಯಾವ ಸರತಿಯಲ್ಲಿ ನಿಂತಿದೆ? ತೊಂದರೆ ಆದ ಆ ಕ್ಷಣದಲ್ಲಿ ಅದೇ ಸ್ಲಾಟ್‌ನಲ್ಲಿ, ಅಂದರೆ ಹಂಚಿಕೆಯ ಅದೇ ಪುಟ್ಟ ಸಮಯದ ತುಂಡಿನಲ್ಲಿ, ಇನ್ಯಾರಿದ್ದರು? ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ.

ಹಂಚುತ್ತಿರುವುದು ಏನನ್ನು

ಲೆಕ್ಕಕ್ಕೆ ಒಂದು ಸೆಲ್ ಇಟ್ಟುಕೊಳ್ಳೋಣ. ಅಗಲ 100 ಮೆಗಾಹರ್ಟ್ಸ್, ಅದನ್ನು ಸೀಳಿ ಮಾಡಿದ ಸಣ್ಣ ಆವರ್ತನ ಪಟ್ಟಿಗಳ, ಅಂದರೆ ಸಬ್‌ಕ್ಯಾರಿಯರ್‌ಗಳ, ಅಂತರ 30 ಕಿಲೋಹರ್ಟ್ಸ್. ಇದರಲ್ಲಿ 273 ಪಿಆರ್‌ಬಿ ಸಿಗುತ್ತವೆ. ಒಂದು ಪಿಆರ್‌ಬಿ ಅಂದರೆ 12 ಸಬ್‌ಕ್ಯಾರಿಯರ್‌ಗಳ ಒಂದು ಕಟ್ಟು. ಸಮಯದ ಕಡೆ ಒಂದು ಸ್ಲಾಟ್ ಅರ್ಧ ಮಿಲಿಸೆಕೆಂಡ್, ಅದರೊಳಗೆ 14 ಸಿಂಬಲ್, ಅಂದರೆ ಇನ್ನೂ ಸಣ್ಣ ತುಂಡುಗಳು. ಬೇಸ್ ಸ್ಟೇಷನ್‌ನ ಶೆಡ್ಯೂಲರ್ ಪ್ರತಿ ಅರ್ಧ ಮಿಲಿಸೆಕೆಂಡಿಗೆ ಕುಳಿತು ಈ 273 ಕಟ್ಟುಗಳನ್ನು ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡುತ್ತದೆ.

ಕೇಳುವವರು ಮೂರು ಬಗೆ. ವಿಡಿಯೋ, ಡೌನ್‌ಲೋಡ್ ಥರದ ದೊಡ್ಡ ಡೇಟಾ, ಅಂದರೆ ಇಎಂಬಿಬಿ. ಇದಕ್ಕೆ ಬೇಕಾದ್ದು ಗಾತ್ರ, ನಾಲ್ಕಾರು ಮಿಲಿಸೆಕೆಂಡ್ ಆಚೀಚೆ ಆದರೆ ತೊಂದರೆ ಇಲ್ಲ. ಎರಡನೆಯದು ಯುಆರ್‌ಎಲ್‌ಎಲ್‌ಸಿ, ಯಂತ್ರ ನಿಯಂತ್ರಣದಂಥದ್ದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು 5ಜಿಗೆ ಇಟ್ಟ ಗುರಿಯ ಪ್ರಕಾರ 32 ಬೈಟ್‌ನ ಪುಟ್ಟ ಪ್ಯಾಕೆಟ್ ರೇಡಿಯೋ ದಾರಿಯನ್ನು 1 ಮಿಲಿಸೆಕೆಂಡಿನಲ್ಲಿ ದಾಟಬೇಕು, ಅದೂ 1 ಲಕ್ಷದಲ್ಲಿ 99,999 ಸಲ. ಮೂರನೆಯದು ಸೆನ್ಸರ್‌ಗಳ ಗುಂಪು, ಎಂಎಂಟಿಸಿ. ಇಲ್ಲಿ ಗುರಿ ಒಂದು ಚದರ ಕಿಲೋಮೀಟರಿಗೆ 10 ಲಕ್ಷ ಸಾಧನ. ಒಂದೊಂದರ ಮಾತು ಚಿಕ್ಕದು, ಮಾತಾಡುವವರು ಮಾತ್ರ ಲೆಕ್ಕವಿಲ್ಲದಷ್ಟು.

ಒಬ್ಬರಿಗೆ ಗಾತ್ರ, ಒಬ್ಬರಿಗೆ ಸಮಯ, ಒಬ್ಬರಿಗೆ ಸಂಖ್ಯೆ. ಮೂವರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದರೆ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಸರಾಸರಿಯನ್ನು ಪಕ್ಕಕ್ಕಿಡಿ

ನೆಟ್‌ವರ್ಕ್ ನಿರ್ವಹಣೆಯ ಪರದೆ ಮೇಲೆ ಕಾಣುವ ಅಂಕಿಗಳು ಹೆಚ್ಚಾಗಿ 15 ನಿಮಿಷದ ಸರಾಸರಿ. 15 ನಿಮಿಷ ಅಂದರೆ 900 ಸೆಕೆಂಡ್. ನಮ್ಮ ಸೆಲ್‌ನಲ್ಲಿ ಅದು 18 ಲಕ್ಷ ಸ್ಲಾಟ್. ಅಷ್ಟರ ಸರಾಸರಿ "ಪಿಆರ್‌ಬಿ ಬಳಕೆ ಶೇ 40" ಅಂತ ತೋರಿಸಿದರೆ ಏನರ್ಥ? ಸದಾ ಶೇ 40 ತುಂಬಿತ್ತು ಅಂತಲೂ ಇರಬಹುದು. ಹತ್ತರಲ್ಲಿ ನಾಲ್ಕು ಸ್ಲಾಟ್ ಪೂರ್ತಿ ತುಂಬಿ ಆರು ಖಾಲಿ ಇದ್ದವು ಅಂತಲೂ ಇರಬಹುದು. ಡೌನ್‌ಲೋಡ್ ಮಾಡುವವರಿಗೆ ಎರಡೂ ಒಂದೇ. 1 ಮಿಲಿಸೆಕೆಂಡ್ ಗಡುವಿನ ಪ್ಯಾಕೆಟ್‌ಗೆ ಎರಡನೆಯದು ದೊಡ್ಡ ಕಷ್ಟ, ಯಾಕಂದ್ರೆ ಅದು ಬಂದ ಹೊತ್ತಿಗೆ ಸ್ಲಾಟ್ ತುಂಬಿದೆಯಾ ಅನ್ನುವುದಷ್ಟೇ ಅದಕ್ಕೆ ಮುಖ್ಯ.

ಹಾಗಾಗಿ ಮೊದಲ ಕೆಲಸ, ಶೆಡ್ಯೂಲರ್‌ನ ಸ್ಲಾಟ್ ಮಟ್ಟದ ಟ್ರೇಸ್ ತೆಗೆಯುವುದು. ದಿನವಿಡೀ ಬೇಡ. ತೊಂದರೆ ಬರುವ ಹೊತ್ತು ಗೊತ್ತಿದ್ದರೆ ಕೆಲವೇ ಸೆಕೆಂಡ್ ಸಾಕು. ಪ್ರತಿ ಸಾಲಿನಲ್ಲಿ ಈ ಐದು ಇರಲೇಬೇಕು: ಸ್ಲಾಟ್ ಸಂಖ್ಯೆ, ಯಾರಿಗೆ ಕೊಟ್ಟದ್ದು, ಎಷ್ಟು ಪಿಆರ್‌ಬಿ, ಯಾವ ಎಂಸಿಎಸ್ (ಒಂದು ಸಲಕ್ಕೆ ಎಷ್ಟು ಬಿಟ್ ತುಂಬಿ ಕಳಿಸಬೇಕು ಅನ್ನುವ ಮಟ್ಟ), ತಲುಪಿತೋ ಇಲ್ಲವೋ. ಅದರ ಜೊತೆಗೆ ಎರಡೂ ತುದಿಯಲ್ಲಿ ಪ್ಯಾಕೆಟ್ ಹಿಡಿದಿಟ್ಟುಕೊಳ್ಳಿ, ವೈರ್‌ಶಾರ್ಕ್ ಎಂಬ ತಂತ್ರಾಂಶ ಸಾಕು. ಒಂದು ದಿಕ್ಕಿನ ವಿಳಂಬ ಅಳೆಯುವುದಾದರೆ ಎರಡೂ ತುದಿಯ ಗಡಿಯಾರ ಪಿಟಿಪಿ ಎಂಬ ಸಮಯ ಹೊಂದಿಸುವ ವಿಧಾನದಲ್ಲಿ ಹೊಂದಿಕೊಂಡಿರಬೇಕು. ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ನೆಟ್‌ವರ್ಕ್ ಅಲ್ಲ, ಗಡಿಯಾರಗಳ ವ್ಯತ್ಯಾಸ.

ಪ್ಯಾಕೆಟ್ ಸರಿಯಾದ ಸರತಿಯಲ್ಲಿದೆಯಾ

ಈ ಹೆಜ್ಜೆಯನ್ನು ಎಷ್ಟೋ ಮಂದಿ ದಾಟಿ ಮುಂದೆ ಹೋಗುತ್ತಾರೆ. ಸ್ಲೈಸ್, ಅಂದರೆ ಒಂದು ಸೇವೆಗೆಂದು ಜಾಲದಲ್ಲಿ ಬೇರ್ಪಡಿಸಿದ ಭಾಗ, ಮಾಡಿದ್ದೇವೆ, ಹೆಸರು ಇಟ್ಟಿದ್ದೇವೆ, ಪಾಲು ಕೊಟ್ಟಿದ್ದೇವೆ ಅಂದಮೇಲೆ ಟ್ರಾಫಿಕ್ ಅದರೊಳಗೇ ಹೋಗುತ್ತಿದೆ ಅನ್ನುವ ನಂಬಿಕೆ. ಆದರೆ ಆ ಸ್ಲೈಸ್‌ನ ಪಿಆರ್‌ಬಿ ಕೌಂಟರ್ ತೆರೆದು ನೋಡಿದರೆ ಸೊನ್ನೆ. ಎಲ್ಲ ಟ್ರಾಫಿಕ್ಕೂ ಡೀಫಾಲ್ಟ್ ಸ್ಲೈಸ್‌ನಲ್ಲಿ, ಎಲ್ಲರ ಜೊತೆ ನಿಂತಿರುತ್ತದೆ.

ಸ್ಲೈಸ್‌ನ ಗುರುತು ಎರಡು ಭಾಗದ್ದು. ಸ್ಲೈಸ್ ಯಾವ ಬಗೆ ಅಂತ ಹೇಳುವ ಎಸ್‌ಎಸ್‌ಟಿ 8 ಬಿಟ್, ಅದೇ ಬಗೆಯ ಸ್ಲೈಸ್‌ಗಳನ್ನು ಬೇರೆ ಮಾಡಿ ತೋರಿಸುವ ಎಸ್‌ಡಿ 24 ಬಿಟ್. ಎಸ್‌ಎಸ್‌ಟಿ 1 ಅಂದರೆ ಇಎಂಬಿಬಿ, 2 ಅಂದರೆ ಯುಆರ್‌ಎಲ್‌ಎಲ್‌ಸಿ, 3 ಸೆನ್ಸರ್‌ಗಳ ಬಗೆ. ಇದರಲ್ಲಿ ತಪ್ಪಾಗುವುದು ಕಡಿಮೆ. ತಪ್ಪೆಲ್ಲ ಎಸ್‌ಡಿಯಲ್ಲಿ. ಒಂದು ಕಡೆ 10 ಅಂತ ಬರೆದಿರುತ್ತಾರೆ, ಇನ್ನೊಂದು ಕಡೆ 000010 ಅಂತ. ನೋಡಲು ಒಂದೇ. ಆದರೆ ಮೊದಲನೆಯದನ್ನು ಉಪಕರಣ ದಶಮಾಂಶ ಅಂತ ಓದಿಕೊಂಡರೆ 10, ಎರಡನೆಯದನ್ನು ಹೆಕ್ಸ್ (16ರ ಆಧಾರದ ಎಣಿಕೆ) ಅಂತ ಓದಿಕೊಂಡರೆ 16. ಎಸ್‌ಡಿಯೇ ಇಲ್ಲದ ಸ್ಲೈಸ್‌ಗೆ 24 ಬಿಟ್‌ಗಳೂ ಒಂದು ಆಗಿರುವ ಬೆಲೆ ಮೀಸಲು, ಅಂದರೆ ಹೆಕ್ಸ್‌ನಲ್ಲಿ ಆರು ಎಫ್. ಅಲ್ಲಿ ಯಾರಾದರೂ ಸೊನ್ನೆ ತುಂಬಿದರೆ ಅದು ಬೇರೆಯೇ ಸ್ಲೈಸ್ ಆಗಿಬಿಡುತ್ತದೆ. ಕೋರ್ (ಜಾಲದ ಕೇಂದ್ರ ಭಾಗ), ಬೇಸ್ ಸ್ಟೇಷನ್, ಸಿಮ್ ಖಾತೆಯ ದಾಖಲೆ, ಮೂರನ್ನೂ ಅಕ್ಕಪಕ್ಕ ಇಟ್ಟು ಕಣ್ಣಾರೆ ಹೋಲಿಸಿ. ಐದು ನಿಮಿಷದ ಕೆಲಸ.

ಸ್ಲೈಸ್ ಸರಿ ಇದ್ದರೂ ಒಳಗಿನ 5ಕ್ಯೂಐ, ಅಂದರೆ ಸೇವೆಯ ಗುಣಮಟ್ಟ ಹೇಳುವ ಸಂಖ್ಯೆ, ನೋಡಬೇಕು. ಮಾಮೂಲಿ ಇಂಟರ್ನೆಟ್‌ಗೆ ಬಳಸುವ 9ರಲ್ಲಿ ಪ್ಯಾಕೆಟ್‌ಗೆ 300 ಮಿಲಿಸೆಕೆಂಡ್ ಅವಕಾಶವಿದೆ. ಯಂತ್ರ ನಿಯಂತ್ರಣಕ್ಕೆಂದು ಇರುವ 82ರಲ್ಲಿ ಅದು 10 ಮಿಲಿಸೆಕೆಂಡ್, 85ರಲ್ಲಿ 5. ಕಂಟ್ರೋಲ್ ಪ್ಯಾಕೆಟ್ 9ರಲ್ಲಿ ಹೋಗುತ್ತಿದ್ದರೆ ಶೆಡ್ಯೂಲರ್ ಅದನ್ನು ಕಾಯಿಸುವುದು ತಪ್ಪಲ್ಲ. ಕಾಯಿಸಬಹುದು ಅಂತ ಹೇಳಿರುವುದು ನಾವೇ ಅಲ್ವಾ? ಇನ್ನೊಂದು ಮಾತು. 82 ಮತ್ತು 85ಕ್ಕೆ ಡೀಫಾಲ್ಟ್ ಆಗಿ 255 ಬೈಟ್‌ನ ಮಿತಿಯಿದೆ. ವಿಳಂಬದ ಆ ಅವಧಿಯೊಳಗೆ ಅದಕ್ಕಿಂತ ದೊಡ್ಡ ಗಂಟು ಬಂದರೆ ಗಡುವಿನ ಭರವಸೆ ಇರುವುದಿಲ್ಲ. ಅಪ್ಲಿಕೇಶನ್‌ನವರು ಹೊಸ ಆವೃತ್ತಿಯಲ್ಲಿ ಪ್ಯಾಕೆಟ್ ದೊಡ್ಡದು ಮಾಡಿದ ದಿನದಿಂದಲೇ ದೂರು ಶುರುವಾಯಿತಾ ಅಂತ ಕೇಳಿ ನೋಡಿ.

ಪಾಲಿನ ಮೂರು ಅಂಕಿ

ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿಯ ಮಾದರಿಯಲ್ಲಿ ಪ್ರತಿ ಸ್ಲೈಸ್‌ಗೆ ಮೂರು ಪ್ರಮಾಣ ಕೊಡಬಹುದು. ಡೆಡಿಕೇಟೆಡ್, ಮಿನಿಮಮ್, ಮ್ಯಾಕ್ಸಿಮಮ್. ಹೆಸರು ಕೇಳಿದರೆ ಅರ್ಥವಾದಂತೆ ಅನಿಸುತ್ತದೆ. ಆದರೆ ಮೊದಲೆರಡರ ನಡುವಿನ ವ್ಯತ್ಯಾಸ ತಿಳಿಯದೆ ಸೆಲ್ ಹಾಳಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಡೆಡಿಕೇಟೆಡ್ ಅಂದರೆ ಬೀಗ ಹಾಕಿದ ಕೋಣೆ. ಒಳಗೆ ಯಾರೂ ಇಲ್ಲದಿದ್ದರೂ ಬೇರೆಯವರು ಹೋಗುವಂತಿಲ್ಲ. ಮಿನಿಮಮ್ ಅಂದರೆ ಕಾಯ್ದಿರಿಸಿದ ಕುರ್ಚಿ. ಬಂದರೆ ಅವರಿಗೇ ಮೊದಲು, ಬರುವವರೆಗೆ ಬೇರೆಯವರು ಕೂರಬಹುದು. ಮ್ಯಾಕ್ಸಿಮಮ್ ಅಂದರೆ ಎಷ್ಟೇ ಖಾಲಿ ಇದ್ದರೂ ಇಷ್ಟರ ಮೇಲೆ ಇಲ್ಲ.

ಕಂಟ್ರೋಲ್ ಸೇವೆಗೆ ಶೇ 30 ಡೆಡಿಕೇಟೆಡ್ ಕೊಟ್ಟರೆ 273ರಲ್ಲಿ ಸುಮಾರು 82 ಪಿಆರ್‌ಬಿ ಬೀಗದೊಳಗೆ ಹೋದವು. ಆ ಸೇವೆ ಹತ್ತು ಮಿಲಿಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಕಳಿಸುವುದಾದರೆ 20 ಸ್ಲಾಟ್‌ನಲ್ಲಿ ಒಂದರಲ್ಲಿ ಮಾತ್ರ ಕೋಣೆ ತೆರೆಯುತ್ತದೆ. ಉಳಿದ 19ರಲ್ಲಿ 82 ಪಿಆರ್‌ಬಿ ಸುಮ್ನೆ ಬಿದ್ದಿರುತ್ತವೆ. ಅತ್ತ ವಿಡಿಯೋ ನೋಡುವವರು "ವೇಗ ಇಲ್ಲ" ಅಂತ ದೂರು ಕೊಡುತ್ತಾರೆ, ಇತ್ತ ಸೆಲ್ ಬಳಕೆ ಶೇ 70ರ ಮೇಲೆ ಏರುವುದೇ ಇಲ್ಲ.

ಇದರ ಗುರುತು ಗ್ರಾಫ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಪಿಆರ್‌ಬಿ ಬಳಕೆ ಏರಿಳಿಯದೆ, ಕತ್ತಿಯಲ್ಲಿ ಕೊಯ್ದ ಹಾಗೆ ಒಂದೇ ಎತ್ತರದಲ್ಲಿ ನಿಂತಿರುತ್ತದೆ. ನಿಜವಾದ ಜನದಟ್ಟಣೆಯ ಗ್ರಾಫ್ ಯಾವತ್ತೂ ಅಷ್ಟು ನೇರ ಇರುವುದಿಲ್ಲ. ನೇರ ಗೆರೆ ಕಂಡರೆ ಯಾರೋ ಬರೆದ ಅಂಕಿ ಅಲ್ಲಿ ಅಡ್ಡ ನಿಂತಿದೆ. 70ರಲ್ಲಿ ನಿಂತರೆ ಇನ್ನೊಬ್ಬರ 30ರ ಡೆಡಿಕೇಟೆಡ್ ಹುಡುಕಿ. ಒಂದು ಸ್ಲೈಸ್‌ನ ಬಳಕೆ ಮಾತ್ರ 40ರಲ್ಲಿ ನಿಂತು ಸೆಲ್‌ನಲ್ಲಿ ಜಾಗ ಉಳಿದಿದ್ದರೆ ಆ ಸ್ಲೈಸ್‌ನ ಮ್ಯಾಕ್ಸಿಮಮ್ ನೋಡಿ.

ಹಾಗಾದರೆ ಡೆಡಿಕೇಟೆಡ್ ತೆಗೆದು ಮಿನಿಮಮ್ ಹಾಕಿಬಿಟ್ಟರೆ ಆಯಿತಲ್ವಾ? ವೇಗದ ದೂರು ನಿಲ್ಲುತ್ತದೆ, ನಿಜ. ಆದರೆ ಈಗ ಕುರ್ಚಿಯಲ್ಲಿ ಬೇರೆಯವರು ಕುಳಿತಿರುವಾಗ ತುರ್ತು ಪ್ಯಾಕೆಟ್ ಬರುತ್ತದೆ. ಎರಡೇ ದಾರಿ. ಮುಂದಿನ ಸ್ಲಾಟ್‌ವರೆಗೆ ಕಾಯಬೇಕು, ಇಲ್ಲವೇ ಕುಳಿತವರನ್ನು ಎಬ್ಬಿಸಬೇಕು. ಎಬ್ಬಿಸುವ ದಾರಿ ಹಿಡಿದರೆ ಮುಂದಿನ ದೋಷಕ್ಕೆ ಬಾಗಿಲು ತೆರೆದಂತೆ. ನನಗೆ ತಿಳಿದ ಮಟ್ಟಿಗೆ ಹಂಚಿಕೆಯ ದೋಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಇದೇ.

ಬರೆದು ಮುಗಿಯದ ಹಾಳೆಯ ಮೇಲೆ ಇನ್ನೊಬ್ಬರು ಬರೆದರೆ

ಖಾಸಗಿ 5ಜಿ ಜಾಲವೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಕೆಲಸಗಾರರ ಟ್ಯಾಬ್ಲೆಟ್‌ಗಳಿಗೆ ವಿಡಿಯೋ ಹೋಗುತ್ತಿತ್ತು, ಅದೇ ಸೆಲ್‌ನಲ್ಲಿ ಯಂತ್ರಗಳಿಗೆ ಕಮಾಂಡ್ ಹೋಗುತ್ತಿತ್ತು. ಯಂತ್ರ ನಿಂತಿದ್ದಾಗ ವಿಡಿಯೋ ಸೊಗಸಾಗಿ ಓಡುತ್ತಿತ್ತು. ಯಂತ್ರ ಚಾಲೂ ಆದ ಕೂಡಲೇ ಟ್ಯಾಬ್ಲೆಟ್ ವೇಗ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು. ಯಂತ್ರದ ಡೇಟಾ ಸೆಲ್‌ನ ಒಟ್ಟು ಸಾಮರ್ಥ್ಯದಲ್ಲಿ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಅಷ್ಟು ಚಿಕ್ಕದು ಇಷ್ಟು ದೊಡ್ಡದನ್ನು ಹೇಗೆ ಬೀಳಿಸಿತು?

ಮೊದಲ ಅನುಮಾನ ಯಂತ್ರದ ಮೋಟರ್‌ನಿಂದ ಬರುವ ರೇಡಿಯೋ ಅಡಚಣೆಯ ಮೇಲೆ. ಯಂತ್ರ ಚಾಲೂ ಆದಾಗಲೇ ಬೀಳುತ್ತದೆ ಅಂದಮೇಲೆ ಹಾಗನ್ನಿಸುವುದು ಸಹಜ. ಟ್ಯಾಬ್ಲೆಟ್‌ನ ಎಸ್‌ಐಎನ್‌ಆರ್ (ಅಡಚಣೆ, ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವ ಅಳತೆ) ನೋಡಿದೆವು, ಕದಲಿರಲಿಲ್ಲ. ಆದರೆ ಎಂಸಿಎಸ್ ಕುಸಿದಿತ್ತು. ಸಿಗ್ನಲ್ ಮೊದಲಿನಷ್ಟೇ ಶುದ್ಧ ಇರುವಾಗ ಬೇಸ್ ಸ್ಟೇಷನ್ ಯಾಕೆ ಹೆದರಿ ನಿಧಾನಕ್ಕೆ ಮಾತಾಡುತ್ತಿದೆ? ಈ ಎರಡು ಅಂಕಿ ಒಂದಕ್ಕೊಂದು ತಾಳೆಯಾಗದೇ ಇದ್ದದ್ದೇ ನಮಗೆ ಸಿಕ್ಕ ಎಳೆ.

ಸ್ಲಾಟ್ ಟ್ರೇಸ್ ತೆಗೆದಾಗ ವಿಷಯ ಬಿಚ್ಚಿಕೊಂಡಿತು. ಟ್ಯಾಬ್ಲೆಟ್‌ಗೆ ತಲುಪದೆ ಹೋದ ಸ್ಲಾಟ್‌ಗಳನ್ನು ಒಂದು ಕಡೆ ಬರೆದೆವು. ಯಂತ್ರಕ್ಕೆ ಕಮಾಂಡ್ ಹೋದ ಸ್ಲಾಟ್‌ಗಳನ್ನು ಪಕ್ಕದಲ್ಲಿ ಬರೆದೆವು. ಎರಡು ಪಟ್ಟಿ ಹೆಚ್ಚು ಕಡಿಮೆ ಒಂದೇ.

ಆಗುತ್ತಿದ್ದದ್ದು ಹೀಗೆ. ಟ್ಯಾಬ್ಲೆಟ್‌ಗೆ ಒಂದು ಪೂರ್ತಿ ಸ್ಲಾಟ್, 14 ಸಿಂಬಲ್, ಕೊಟ್ಟಾಗಿದೆ. ಪ್ರಸಾರ ಶುರುವೂ ಆಗಿದೆ. ಆರನೇ ಸಿಂಬಲ್ ಹೊತ್ತಿಗೆ ಯಂತ್ರಕ್ಕೆ ಕಮಾಂಡ್ ಬಂತು. ಶೆಡ್ಯೂಲರ್ ಟ್ಯಾಬ್ಲೆಟ್‌ನ ಎರಡು ಸಿಂಬಲ್‌ಗಳನ್ನು ಕಿತ್ತು ಅಲ್ಲಿ ಕಮಾಂಡ್ ಇಟ್ಟಿತು. ಎರಡು ಸಿಂಬಲ್ ಅಂದರೆ ಸುಮಾರು 71 ಮೈಕ್ರೋಸೆಕೆಂಡ್. ಕಮಾಂಡ್ ಸಮಯಕ್ಕೆ ಹೋಯಿತು. ಇದು ತಪ್ಪಲ್ಲ, 5ಜಿಯಲ್ಲಿ ಹೀಗೆ ಮಾಡಲೆಂದೇ ಕೆಲವೇ ಸಿಂಬಲ್‌ಗಳ ಮಿನಿ ಸ್ಲಾಟ್ ಇರುವುದು.

ತಪ್ಪಿದ್ದು ಆಮೇಲಿನದ್ದು. ತನ್ನ ಹಾಳೆಯ ಮಧ್ಯೆ ಇನ್ನೊಬ್ಬರು ಬರೆದಿದ್ದಾರೆ ಅಂತ ಟ್ಯಾಬ್ಲೆಟ್‌ಗೆ ಯಾರೂ ಹೇಳಲಿಲ್ಲ. ಅದು ಯಂತ್ರದ ಬಿಟ್‌ಗಳನ್ನು ತನ್ನದೇ ಬಿಟ್ ಅಂದುಕೊಂಡು ಓದಿತು. ಡಿಕೋಡ್ ಆಗಲಿಲ್ಲ, "ಸರಿಯಾಗಿ ತಲುಪಲಿಲ್ಲ" ಅನ್ನುವ ನ್ಯಾಕ್ ಕಳಿಸಿತು. ಬೇಸ್ ಸ್ಟೇಷನ್ ಮತ್ತೆ ಕಳಿಸಿತು. ಟ್ಯಾಬ್ಲೆಟ್ ಹಳೆಯ ಕಸವನ್ನು ಬಿಸಾಡದೆ ಹೊಸದಕ್ಕೆ ಬೆರೆಸಿ ಓದಲು ನೋಡಿತು, ಯಾಕಂದ್ರೆ ಹಾರ್ಕ್ ಎಂಬ ಮರುಪ್ರಸಾರದ ವಿಧಾನ ಕೆಲಸ ಮಾಡುವುದೇ ಹಾಗೆ. ಕೆಲವೊಮ್ಮೆ ಎರಡನೇ ಸಲವೂ ನ್ಯಾಕ್.

ಇಲ್ಲಿಗೇ ನಿಂತಿದ್ದರೆ ನಷ್ಟ ಚಿಕ್ಕದು. ಆದರೆ ಬೇಸ್ ಸ್ಟೇಷನ್‌ನೊಳಗೆ ಲಿಂಕ್ ಅಡಾಪ್ಟೇಶನ್ ಅನ್ನುವ ಕಾವಲುಗಾರ ಇದ್ದಾನೆ. ದೊಡ್ಡ ಡೇಟಾಕ್ಕೆ ಸಾಮಾನ್ಯವಾಗಿ ನೂರರಲ್ಲಿ ಹತ್ತು ಮೊದಲ ಪ್ರಯತ್ನ ಸೋಲುವಷ್ಟಕ್ಕೆ ಎಂಸಿಎಸ್ ಹೊಂದಿಸುವುದು ಅವನ ಕೆಲಸ. ನ್ಯಾಕ್ ಜಾಸ್ತಿ ಬಂದರೆ ಚಾನೆಲ್ ಕೆಟ್ಟಿದೆ ಅಂದುಕೊಂಡು ಎಂಸಿಎಸ್ ಇಳಿಸುತ್ತಾನೆ. ಈ ನ್ಯಾಕ್‌ಗಳಿಗೂ ಚಾನೆಲ್‌ಗೂ ಸಂಬಂಧವೇ ಇಲ್ಲ ಅಂತ ಅವನಿಗೆ ಗೊತ್ತಿಲ್ಲ. ಇಳಿಸಿದ, ಮತ್ತೆ ನ್ಯಾಕ್ ಬಂತು, ಮತ್ತೆ ಇಳಿಸಿದ. ಎಂಸಿಎಸ್ ಎಷ್ಟು ಇಳಿದರೂ ಕಿತ್ತುಕೊಂಡ ಸಿಂಬಲ್ ವಾಪಸ್ ಬರುವುದಿಲ್ಲ. ಎಂಸಿಎಸ್ ಇಳಿದಂತೆ ಅಷ್ಟೇ ಡೇಟಾಕ್ಕೆ ಹೆಚ್ಚು ಪಿಆರ್‌ಬಿ ಬೇಕು. ಹೆಚ್ಚು ಪಿಆರ್‌ಬಿ ಹಿಡಿದಂತೆ ಮುಂದಿನ ಕಮಾಂಡ್ ಅದರ ಮೇಲೆಯೇ ಬೀಳುವ ಸಾಧ್ಯತೆಯೂ ಹೆಚ್ಚು. ಸುತ್ತು ತಾನೇ ಬಿಗಿಯಾಗುತ್ತಾ ಹೋಗುತ್ತದೆ. 71 ಮೈಕ್ರೋಸೆಕೆಂಡ್‌ನ ತುಣುಕೊಂದು ಅರ್ಧ ವೇಗ ತಿಂದದ್ದು ಈ ದಾರಿಯಲ್ಲಿ.

ಟ್ಯಾಬ್ಲೆಟ್ ಸ್ಲೈಸ್‌ಗೆ ಪಾಲು ಹೆಚ್ಚಿಸಿದ್ದರೆ ಏನಾಗುತ್ತಿತ್ತು ಅಂತ ಈಗ ಯೋಚಿಸಿ. ಇನ್ನಷ್ಟು ಪಿಆರ್‌ಬಿ ಹಿಡಿದು ಇನ್ನಷ್ಟು ಸಲ ಪೆಟ್ಟು ತಿನ್ನುತ್ತಿತ್ತು.

ಪರಿಹಾರದಲ್ಲಿ ಮೂರು ಭಾಗ ಇವೆ. ಒಂದು, ಪ್ರಿಎಂಪ್ಷನ್ (ಜಾಗ ಕಿತ್ತುಕೊಂಡದ್ದರ) ಸೂಚನೆಯನ್ನು ಆನ್ ಮಾಡುವುದು. ಇದು ಡಿಸಿಐ 2_1 ಎಂಬ ಕಂಟ್ರೋಲ್ ಸಂದೇಶ, 3ಜಿಪಿಪಿ ಮಾನದಂಡದ 2018ರ ಆವೃತ್ತಿಯಾದ ರಿಲೀಸ್ 15ರಿಂದಲೇ ಇದೆ. ಆದ ಮೇಲೆ ಬರುವ ಸೂಚನೆ ಇದು: "ಹಿಂದಿನ ಆ ಭಾಗದಲ್ಲಿ ಬಂದದ್ದು ನಿನ್ನದಲ್ಲ, ಬಿಸಾಡು." ಇದನ್ನು 14 ಬಿಟ್‌ನ ನಕ್ಷೆಯಾಗಿ ಕೊಡುತ್ತಾರೆ. ಒಂದು ಬಗೆಯಲ್ಲಿ ಸಮಯವನ್ನು 14 ತುಂಡು ಮಾಡಿರುತ್ತಾರೆ, ಇನ್ನೊಂದರಲ್ಲಿ ಸಮಯ 7, ಆವರ್ತನ 2. ಕಮಾಂಡ್‌ಗಳು ಬ್ಯಾಂಡಿನ ಒಂದೇ ಅರ್ಧದಲ್ಲಿ ಬೀಳುವಂತಿದ್ದರೆ ಎರಡನೇ ಬಗೆ ಒಳ್ಳೆಯದು, ಇನ್ನೊಂದು ಅರ್ಧದ ಒಳ್ಳೆಯ ಬಿಟ್‌ಗಳನ್ನು ಸುಮ್ನೆ ಬಿಸಾಡಬೇಕಾಗುವುದಿಲ್ಲ.

ಎರಡು, ಕೋಡ್ ಬ್ಲಾಕ್ ಗುಂಪುಗಳ ಮರುಪ್ರಸಾರ, ಸಿಬಿಜಿ ಅನ್ನುತ್ತಾರೆ. ಒಂದು ದೊಡ್ಡ ಬ್ಲಾಕನ್ನು ಹೆಚ್ಚೆಂದರೆ 8 ಗುಂಪು ಮಾಡಿ, ಕೆಟ್ಟ ಗುಂಪನ್ನಷ್ಟೇ ಮತ್ತೆ ಕಳಿಸುವುದು. ಡೇಟಾವನ್ನು ಮೊದಲು ಆವರ್ತನದ ಉದ್ದಕ್ಕೂ, ಆಮೇಲೆ ಸಮಯದ ಉದ್ದಕ್ಕೂ ತುಂಬುವುದರಿಂದ ಎರಡು ಸಿಂಬಲ್ ಕಿತ್ತರೆ ಸಾಮಾನ್ಯವಾಗಿ ಒಂದೆರಡು ಗುಂಪಿಗಷ್ಟೇ ಪೆಟ್ಟು. ಸಿಬಿಜಿ ಇಲ್ಲದಿದ್ದರೆ ಅಷ್ಟಕ್ಕಾಗಿ ಪೂರ್ತಿ ಬ್ಲಾಕ್ ಮತ್ತೆ ಹೋಗಬೇಕು.

ಮೂರನೆಯದು ಬೇಸ್ ಸ್ಟೇಷನ್ ಸಾಫ್ಟ್‌ವೇರ್‌ಗೆ ಬಿಟ್ಟದ್ದು. ತಾನೇ ಸಿಂಬಲ್ ಕಿತ್ತ ಸ್ಲಾಟ್‌ಗೆ ಬಂದ ನ್ಯಾಕ್ ಅನ್ನು ಲಿಂಕ್ ಅಡಾಪ್ಟೇಶನ್ ಲೆಕ್ಕಕ್ಕೆ ಸೇರಿಸಬಾರದು. ಕೆಲವು ಉಪಕರಣಗಳಲ್ಲಿ ಇದಕ್ಕೆ ಆಯ್ಕೆ ಇರುತ್ತದೆ. ಇಲ್ಲದಿದ್ದರೆ ತಯಾರಕರನ್ನು ಕೇಳಲೇಬೇಕು. ಮೂರರಲ್ಲಿ ಒಂದನ್ನೇ ಮಾಡಬಹುದು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಸುತ್ತು ತುಂಡಾಗುವುದು ಇಲ್ಲೇ.

ಒಂದು ಎಚ್ಚರಿಕೆ. ಪ್ರಿಎಂಪ್ಷನ್ ಸೂಚನೆಯನ್ನು ಓದುವುದು ಸಾಧನಗಳಿಗೆ ಐಚ್ಛಿಕ. ಬೇಸ್ ಸ್ಟೇಷನ್‌ನಲ್ಲಿ ಆನ್ ಮಾಡಿ "ಸರಿ ಹೋಗಲಿಲ್ಲ" ಅನ್ನುವ ಮೊದಲು ಸಾಧನ ತನಗೆ ಏನೇನು ಬರುತ್ತದೆ ಅಂತ ತಿಳಿಸುವ ಕೇಪಬಿಲಿಟಿ ಸಂದೇಶದಲ್ಲಿ ಅದು ಇದೆಯಾ ನೋಡಿ.

ಪಿಆರ್‌ಬಿ ಖಾಲಿ, ಸರತಿ ಉದ್ದ

ಇದು ಇನ್ನೊಂದು ಬಗೆ. ಪಿಆರ್‌ಬಿ ಶೇ 30ರಷ್ಟೂ ತುಂಬಿಲ್ಲ. ನ್ಯಾಕ್ ಇಲ್ಲ. ಎಂಸಿಎಸ್ ಚೆನ್ನಾಗಿದೆ. ಆದರೂ ಪ್ಯಾಕೆಟ್‌ಗಳು ಕಾಯುತ್ತಿವೆ. ಆಗ ನೋಡಬೇಕಾದದ್ದು ಡೇಟಾ ಜಾಗವನ್ನಲ್ಲ, ಚೀಟಿ ಬರೆಯುವ ಜಾಗವನ್ನು. ಯಾರಿಗೆ ಯಾವ ಪಿಆರ್‌ಬಿ ಅಂತ ಹೇಳುವ ಚೀಟಿ ಪಿಡಿಸಿಸಿಎಚ್ ಎಂಬ ಕಂಟ್ರೋಲ್ ಚಾನೆಲ್‌ನಲ್ಲಿ ಹೋಗುತ್ತದೆ. ಅಲ್ಲಿ ಜಾಗ ಇಲ್ಲದಿದ್ದರೆ ಪಿಆರ್‌ಬಿ ಎಷ್ಟಿದ್ದರೂ ಕೊಡಲಾಗದು.

ನಮ್ಮ ಸೆಲ್‌ನಲ್ಲಿ ಪೂರ್ತಿ ಅಗಲಕ್ಕೆ ಒಂದು ಸಿಂಬಲ್ ಚೀಟಿಗೆ ಕೊಟ್ಟರೆ 270 ಪಿಆರ್‌ಬಿ ಬಳಕೆಗೆ ಸಿಗುತ್ತವೆ. ಆರಕ್ಕೊಂದರಂತೆ 45 ಸಿಸಿಇ, ಅಂದರೆ ಚೀಟಿ ಬರೆಯುವ ತುಂಡುಗಳು. ಹತ್ತಿರದ ಸಾಧನಕ್ಕೆ ಒಂದೆರಡು ಸಿಸಿಇ ಸಾಕು. ಸೆಲ್ ಅಂಚಿನಲ್ಲಿರುವವರಿಗೆ 8 ಅಥವಾ 16 ಬೇಕು. ಎಲ್ಲರಿಗೂ 8 ಬೇಕಾದರೆ ಒಂದು ಸ್ಲಾಟ್‌ನಲ್ಲಿ ಐದೇ ಚೀಟಿ, 16 ಆದರೆ ಎರಡೇ. ಇದರಲ್ಲೇ ಅಪ್‌ಲಿಂಕ್‌ನ (ಸಾಧನದಿಂದ ಬೇಸ್ ಸ್ಟೇಷನ್‌ಗೆ ಹೋಗುವ ದಿಕ್ಕಿನ) ಚೀಟಿಗಳೂ ಸೇರಬೇಕು. ಅಂಚಿನಲ್ಲಿ ನೂರಾರು ಸೆನ್ಸರ್‌ಗಳು ನಾಲ್ಕು ನಾಲ್ಕು ಬೈಟ್ ಕಳಿಸುತ್ತಿದ್ದರೆ ಅವು ಪಿಆರ್‌ಬಿ ತಿನ್ನುವುದಿಲ್ಲ, ಚೀಟಿ ತಿನ್ನುತ್ತವೆ. ನರಳುವುದು ಮಾತ್ರ ಯಂತ್ರದ ಕಮಾಂಡ್.

ಸಿಸಿಇ ಸಿಗದೆ ಹೋದ ಸಲಗಳ ಕೌಂಟರ್ ಸಾಮಾನ್ಯವಾಗಿ ಇರುತ್ತದೆ, ಅದನ್ನು ನೋಡಿ. ಚೀಟಿಗೆ ಎರಡು ಸಿಂಬಲ್ ಕೊಡಬಹುದು, ಆಗ 90 ಸಿಸಿಇ, ಆದರೆ ಡೇಟಾದ ಒಂದು ಸಿಂಬಲ್ ಹೋಗುತ್ತದೆ. ಅದಕ್ಕಿಂತ ಒಳ್ಳೆಯದು, ನಿಗದಿತ ಹೊತ್ತಿಗೆ ಬರುವ ಟ್ರಾಫಿಕ್‌ಗೆ ಪ್ರತಿ ಸಲ ಚೀಟಿ ಬರೆಯದೆ ಒಮ್ಮೆಲೇ ಪಾಸ್ ಕೊಟ್ಟುಬಿಡುವುದು. ಡೌನ್‌ಲಿಂಕ್‌ನಲ್ಲಿ ಎಸ್‌ಪಿಎಸ್, ಅಪ್‌ಲಿಂಕ್‌ನಲ್ಲಿ ಕಾನ್ಫಿಗರ್ಡ್ ಗ್ರ್ಯಾಂಟ್.

ಅಪ್‌ಲಿಂಕ್ ಮಾತ್ರ ನಿಧಾನ ಅಂದರೆ

ಟಿಡಿಡಿ (ಒಂದೇ ಆವರ್ತನವನ್ನು ಎರಡೂ ದಿಕ್ಕಿಗೆ ಸರದಿಯಲ್ಲಿ ಕೊಡುವ ಪದ್ಧತಿ) ಮಾದರಿ ನೋಡಿ. ಮೂರು ಡೌನ್‌ಲಿಂಕ್ ಸ್ಲಾಟ್, ಒಂದು ವಿಶೇಷ ಸ್ಲಾಟ್, ಒಂದು ಅಪ್‌ಲಿಂಕ್ ಸ್ಲಾಟ್ ಅನ್ನುವ ಮಾದರಿ ಇದ್ದರೆ ಅಪ್‌ಲಿಂಕ್ ಸರದಿ ಬರುವುದು 2.5 ಮಿಲಿಸೆಕೆಂಡಿಗೊಮ್ಮೆ. ಸಾಧನದ ಬಳಿ ಪ್ಯಾಕೆಟ್ ಬಂತು. ಅದು ಮೊದಲು "ನನಗೆ ಜಾಗ ಬೇಕು" ಅಂತ ಕೇಳಲು ಒಂದು ಅಪ್‌ಲಿಂಕ್ ಸರದಿ ಕಾಯಬೇಕು. ಅನುಮತಿ ಬಂದ ಮೇಲೆ ಕಳಿಸಲು ಇನ್ನೊಂದು. ಎಲ್ಲ ಸರಿಯಾಗಿ ನಡೆದರೂ 5 ಮಿಲಿಸೆಕೆಂಡ್ ಹತ್ತಿರ ಹೋಗಬಹುದು. ಕೇಳುವ ಅವಕಾಶವನ್ನೇ 20 ಮಿಲಿಸೆಕೆಂಡಿಗೊಮ್ಮೆ ಕೊಟ್ಟಿದ್ದರೆ ಇನ್ನೂ ಜಾಸ್ತಿ. ಪಾಲು ಶೇ 100 ಕೊಟ್ಟರೂ ಈ ವಿಳಂಬ ಒಂದಿಷ್ಟೂ ಕಡಿಮೆಯಾಗದು. ಕಾನ್ಫಿಗರ್ಡ್ ಗ್ರ್ಯಾಂಟ್ ಕೊಟ್ಟರೆ ಕೇಳುವ ಹಂತ ತಪ್ಪುತ್ತದೆ. ಸರದಿ ಕಾಯುವುದು ತಪ್ಪಬೇಕಾದರೆ ಟಿಡಿಡಿ ಮಾದರಿಯೇ ಬದಲಾಗಬೇಕು. ಅದನ್ನು ಪಕ್ಕದ ಸೆಲ್‌ಗಳ ಜೊತೆ ಹೊಂದಿಸದೆ ಮುಟ್ಟಬೇಡಿ. ನಿಮ್ಮ ಡೌನ್‌ಲಿಂಕ್ ಅವರ ಅಪ್‌ಲಿಂಕ್ ಮೇಲೆ ಬಿದ್ದು ದೊಡ್ಡ ಗಲಾಟೆ ಆಗುತ್ತದೆ.

ಒಂದೇ ಸಾಧನ ವಿಡಿಯೋವನ್ನೂ ಕಂಟ್ರೋಲ್ ಡೇಟಾವನ್ನೂ ಕಳಿಸುತ್ತಿದ್ದರೆ ಇನ್ನೊಂದು ಕಡೆ ಕಣ್ಣು ಹಾಯಿಸಿ. ಬೇಸ್ ಸ್ಟೇಷನ್ ಕೊಟ್ಟ ಜಾಗದಲ್ಲಿ ಏನನ್ನು ಮೊದಲು ತುಂಬಬೇಕು ಅಂತ ಕೊನೆಗೆ ತೀರ್ಮಾನಿಸುವುದು ಸಾಧನವೇ. ಬೇಸ್ ಸ್ಟೇಷನ್ ಕೊಟ್ಟ ಲಾಜಿಕಲ್ ಚಾನೆಲ್ ಆದ್ಯತೆಗಳ ಪ್ರಕಾರ ಅದು ತುಂಬುತ್ತದೆ. ಎರಡಕ್ಕೂ ಒಂದೇ ಆದ್ಯತೆ ಇದ್ದರೆ ಕಂಟ್ರೋಲ್ ಪ್ಯಾಕೆಟ್ ತನ್ನ ಸಾಧನದೊಳಗೇ ಕಾಯುತ್ತಿರುತ್ತದೆ.

ಸೆನ್ಸರ್‌ಗಳು ಒಟ್ಟಿಗೆ ಎದ್ದಾಗ

ತೊಂದರೆ ಗಡಿಯಾರ ನೋಡಿಕೊಂಡು ಬರುತ್ತಿದ್ದರೆ, ಸರಿಯಾಗಿ ಗಂಟೆಗೊಮ್ಮೆ, ಅಥವಾ ಕರೆಂಟ್ ಹೋಗಿ ಬಂದ ಮೇಲೆ, ಆಗ ಸೆನ್ಸರ್‌ಗಳನ್ನು ನೋಡಿ. ಒಂದು ರ‍್ಯಾಂಡಮ್ ಆಕ್ಸೆಸ್ ಅವಕಾಶದಲ್ಲಿ ಇರುವುದು 64 ಪ್ರಿಯಾಂಬಲ್, ಅಂದರೆ ಜಾಲಕ್ಕೆ ಸೇರಲು ಬಾಗಿಲು ತಟ್ಟುವ ಸಂಕೇತಗಳು. ಸಾವಿರ ಸಾಧನ ಒಂದೇ ಕ್ಷಣದಲ್ಲಿ ಎದ್ದು ಬಾಗಿಲು ತಟ್ಟಿದರೆ ಡಿಕ್ಕಿ ಖಚಿತ. ಆಗ ಹೊಸದಾಗಿ ಸೇರಬೇಕಾದ ಟ್ಯಾಬ್ಲೆಟ್‌ಗೂ ಬಾಗಿಲು ಸಿಗುವುದಿಲ್ಲ. ಸೆನ್ಸರ್‌ಗಳ ಟೈಮರ್‌ಗೆ ಒಂದಿಷ್ಟು ಯಾದೃಚ್ಛಿಕ ವಿಳಂಬ ಸೇರಿಸಿದರೆ ಸಾಕು. ನೆಟ್‌ವರ್ಕ್ ಮುಟ್ಟುವ ಅಗತ್ಯವೇ ಇಲ್ಲ.

ಸರಿ ಹೋಯಿತು ಅಂತ ಹೇಳುವ ಮೊದಲು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪರೀಕ್ಷೆ ಮಾಡುವಾಗ ಎರಡೂ ಸೇವೆಗಳನ್ನು ಒಟ್ಟಿಗೇ ಓಡಿಸಿ. ದೋಷ ಹುಟ್ಟಿದ್ದೇ ಎರಡು ಸೇರಿದಾಗ ಅಂದಮೇಲೆ ಬೇರೆ ಬೇರೆಯಾಗಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಜಾಲದ ವೇಗ ಅಳೆಯುವ ಐಪರ್ಫ್3ರಲ್ಲಿ ದೊಡ್ಡ ಡೌನ್‌ಲೋಡ್ ಹಾಕಿ, ಅದರ ಜೊತೆಗೆ ಪುಟ್ಟ ಯುಡಿಪಿ ಪ್ಯಾಕೆಟ್‌ಗಳನ್ನು ಬಿಡಿ.

ಎಷ್ಟು ಹೊತ್ತು ಓಡಿಸಬೇಕು? 10 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಆದರೆ ಸೆಕೆಂಡಿಗೆ 100. 1 ಲಕ್ಷ ಪ್ಯಾಕೆಟ್ ಆಗಲು 1000 ಸೆಕೆಂಡ್, ಸುಮಾರು 17 ನಿಮಿಷ. ಲಕ್ಷಕ್ಕೊಂದು ತಪ್ಪುವುದನ್ನು ಹಿಡಿಯಬೇಕಾದರೆ ಕನಿಷ್ಠ 10 ಲಕ್ಷ ಪ್ಯಾಕೆಟ್ ಆದರೂ ಹೋಗಬೇಕು, ಅಂದರೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಐದು ನಿಮಿಷ ಓಡಿಸಿ 99.999 ಸಿಕ್ಕಿತು ಅಂತ ಬರೆದರೆ ಆ ಅಂಕಿಗೆ ಆಧಾರವೇ ಇಲ್ಲ. ವರದಿಯಲ್ಲಿ ಸರಾಸರಿ ವಿಳಂಬದ ಜೊತೆಗೆ ಅತಿ ಕೆಟ್ಟ ಹತ್ತು ಪ್ಯಾಕೆಟ್‌ಗಳ ಸಮಯವನ್ನೂ ಬರೆಯಿರಿ. ಮುಂದಿನ ಸಲ ಹುಡುಕುವವರಿಗೆ ಆ ಹತ್ತೇ ದಾರಿ ತೋರಿಸುತ್ತವೆ.

ನಮ್ಮ ಜಾಲದಲ್ಲಿ ಮೂರೂ ಬದಲಾವಣೆ ಆದ ಮೇಲೆ ಹೆಚ್ಚಿನ ಟ್ಯಾಬ್ಲೆಟ್‌ಗಳ ಎಂಸಿಎಸ್ ಮೇಲೆ ಬಂತು, ಯಂತ್ರ ಓಡುತ್ತಿರುವಾಗಲೂ ವಿಡಿಯೋ ನಿಲ್ಲಲಿಲ್ಲ. ಕೆಲವು ಮಾತ್ರ ಹಾಗೇ ತಡವರಿಸುತ್ತಿದ್ದವು. ಅವುಗಳ ಕೇಪಬಿಲಿಟಿ ತೆಗೆದು ನೋಡಿದರೆ ಪ್ರಿಎಂಪ್ಷನ್ ಸೂಚನೆ ಓದಲು ಬಾರದ ಹಳೆಯ ಮಾದರಿ. ಅವುಗಳಿಗೆ ಬ್ಯಾಂಡಿನ ಕೆಳಗಿನ ಅರ್ಧದಲ್ಲೇ ಜಾಗ ಕೊಡುವಂತೆ, ಕಮಾಂಡ್‌ಗಳೆಲ್ಲ ಮೇಲಿನ ಅರ್ಧದಲ್ಲೇ ಬೀಳುವಂತೆ ಶೆಡ್ಯೂಲರ್‌ಗೆ ಹೇಳಿದೆವು. ಆ ಟ್ಯಾಬ್ಲೆಟ್‌ಗಳ ಗರಿಷ್ಠ ವೇಗ ಇಳಿಯಿತು. ಆದರೆ ವಿಡಿಯೋಗೆ ಅಷ್ಟು ಸಾಕಾಗಿತ್ತು, ತಡವರಿಕೆ ಆ ದಿನವೇ ನಿಂತಿತು.